ಮಿನುಗುವ ಅಕ್ಷರದ ಕಾಲಗಣನೆ

ಹಳೆಯ ಗೃಹಗಣಕವೊಂದರ ತೆರೆಯ ಮೇಲೆ ಅಕ್ಷರ ಮಿನುಗುತ್ತಿದ್ದರೆ, ಯಂತ್ರವು ಎಚ್ಚರವಾಗಿದೆಯೆಂದು ನೋಡುವವರು ತಿಳಿಯುವುದು ಸಹಜ. ಆದರೆ ಈ ತಿಳಿವಳಿಕೆ ಎಲ್ಲ ಯಂತ್ರಗಳಿಗೂ ಸಲ್ಲದು. ಮಿನುಗಿನ ಕಾಲವನ್ನು ಎಣಿಸುವವರು ಯಾರೆಂಬುದನ್ನು ಮೊದಲು ವಿಚಾರಿಸಬೇಕು.

ಇಂಗ್ಲೆಂಡಿನಲ್ಲಿ 1982ರಲ್ಲಿ ಹೊರಬಂದ ಸಿಂಕ್ಲೇರ್ ಸ್ಪೆಕ್ಟ್ರಮ್ ಯಂತ್ರವನ್ನೇ ತೆಗೆದುಕೊಳ್ಳೋಣ. ಅದರ ತೆರೆಯಲ್ಲಿ ಅಡ್ಡಲಾಗಿ 32, ಮೇಲಿನಿಂದ ಕೆಳಕ್ಕೆ 24, ಒಟ್ಟು 768 ಅಕ್ಷರದ ಮನೆಗಳು. ಲೆಕ್ಕದ ಪುಸ್ತಕದಲ್ಲಿ ಪ್ರತಿಯೊಬ್ಬ ಖಾತೆದಾರನಿಗೂ ಒಂದು ಪುಟವಿರುವಂತೆ, ಇಲ್ಲಿ ಪ್ರತಿಯೊಂದು ಮನೆಗೂ ಎಂಟು ಬಿಟ್ಟುಗಳ ಒಂದು ಬೈಟು ಮೀಸಲು. ಮೂರು ಬಿಟ್ಟುಗಳು ಅಕ್ಷರದ ಬಣ್ಣವನ್ನೂ, ಮೂರು ಹಿನ್ನೆಲೆಯ ಬಣ್ಣವನ್ನೂ, ಒಂದು ಹೊಳಪನ್ನೂ ಹೇಳುತ್ತವೆ. ಬೇಸಿಕ್ ಭಾಷೆಯಲ್ಲಿ ಮೊದಲೆರಡಕ್ಕೆ ‘ಇಂಕ್’, ‘ಪೇಪರ್’ ಎಂದೇ ಹೆಸರು. ಶಾಯಿ, ಕಾಗದಗಳ ನೆನಪು ಆ ತಂತ್ರಜ್ಞರನ್ನೂ ಬಿಟ್ಟಿರಲಿಲ್ಲ! ಉಳಿದ ಒಂದು ಬಿಟ್ಟು ಮಿನುಗಿನದು. ಅದು ಒಂದಾಗಿದ್ದರೆ, ಟೆಲಿವಿಷನ್ನಿಗೆ ಚಿತ್ರವನ್ನು ಕಳುಹಿಸುವ ಯುಎಲ್‌ಎ ಎಂಬ ಚಿಪ್ಪು ಹದಿನಾರು ಚಿತ್ರಗಳಿಗೊಮ್ಮೆ ಶಾಯಿಯನ್ನೂ ಕಾಗದವನ್ನೂ ಅದಲುಬದಲು ಮಾಡುತ್ತದೆ. ಸೆಕೆಂಡಿಗೆ ಸುಮಾರು 50 ಚಿತ್ರಗಳಾದುದರಿಂದ ಒಂದು ಪೂರ್ಣ ಆವರ್ತಕ್ಕೆ ಸುಮಾರು 0.64 ಸೆಕೆಂಡು ಹಿಡಿಯುತ್ತದೆ. ಮಿನುಗು ಬೇಕೆಂದೋ ಬೇಡವೆಂದೋ ಹೇಳುವ ಅಧಿಕಾರವು ಪ್ರೋಗ್ರಾಮಿಗುಂಟು. ಅದರ ವೇಗವನ್ನು ಬದಲಿಸುವ ಅಧಿಕಾರವಿಲ್ಲ. ಪ್ರೋಗ್ರಾಮು ಕೆಟ್ಟು, ಕೀಲಿಗಳನ್ನು ಎಷ್ಟು ಒತ್ತಿದರೂ ಉತ್ತರ ಬಾರದೆ ಹೋದಾಗಲೂ ಅಕ್ಷರವು ನಿಶ್ಚಿಂತೆಯಿಂದ ಮಿನುಗುತ್ತಲೇ ಇರಬಲ್ಲದು.

ಅಮೆರಿಕದ ಆಪಲ್ 2 (1977) ಈ ಕೆಲಸವನ್ನು 555 ಎಂಬ ಅಗ್ಗದ ಚಿಪ್ಪಿಗೆ ಒಪ್ಪಿಸಿತ್ತು. ಅಲ್ಲಿಯೂ ಪ್ರೋಗ್ರಾಮಿನ ಮಾತು ನಡೆಯದು.

1981ರ ಬಿಬಿಸಿ ಮೈಕ್ರೋ ಯಂತ್ರದ ರೀತಿಯೇ ಬೇರೆ. ಪ್ರತಿಯೊಂದು ಚಿತ್ರವು ಮುಗಿದಾಗಲೂ ಮುಖ್ಯ ಸಂಸ್ಕಾರಕಕ್ಕೆ ಒಂದು ಕರೆ ಹೋಗುತ್ತದೆ. ಅದು ಕೈಯಲ್ಲಿರುವ ಕೆಲಸವನ್ನು ಕ್ಷಣಕಾಲ ನಿಲ್ಲಿಸಿ, ಎಣಿಕೆಯಲ್ಲಿ ಒಂದನ್ನು ಕಳೆಯುತ್ತದೆ. ಎಣಿಕೆ ಸೊನ್ನೆಗೆ ಬಂದಾಗ ಬಣ್ಣ ಬದಲಾಗುತ್ತದೆ. ಎರಡು ಬಣ್ಣಗಳಿಗೂ 25ರಂತೆ, ಎಂದರೆ ಅರ್ಧ ಸೆಕೆಂಡಿನಂತೆ, ಆರಂಭದಲ್ಲಿ ಗೊತ್ತುಪಡಿಸಿದೆ. ‘ಎಫ್‌ಎಕ್ಸ್ 9’, ‘ಎಫ್‌ಎಕ್ಸ್ 10’ ಎಂಬ ಆಜ್ಞೆಗಳಿಂದ ಇವನ್ನು ಬೇರೆಬೇರೆಯಾಗಿ ತಿದ್ದಬಹುದು; ಒಂದನ್ನು ದೀರ್ಘವಾಗಿಯೂ ಇನ್ನೊಂದನ್ನು ಹ್ರಸ್ವವಾಗಿಯೂ ಇಡಬಹುದು. ಆದರೆ ಪ್ರೋಗ್ರಾಮು ಆ ಕರೆಗಳನ್ನು ತಡೆದರೆ ಎಣಿಸುವವರೇ ಇಲ್ಲವಾಗಿ ಬಣ್ಣವು ಇದ್ದಲ್ಲಿಯೇ ನಿಲ್ಲುತ್ತದೆ. ಆದುದರಿಂದ ಮಿನುಗು ನಿಂತುದು ಇಲ್ಲಿ ಒಂದು ಸುದ್ದಿ. ಸ್ಪೆಕ್ಟ್ರಮ್ಮಿನಲ್ಲಿ ಮಿನುಗು ನಡೆದಿರುವುದು ಸುದ್ದಿಯೇ ಅಲ್ಲ.

ಈ ನಿಯಮಕ್ಕೂ ಅದೇ ಯಂತ್ರದಲ್ಲಿ ಅಪವಾದವಿದೆ. ಅದರ ಏಳನೆಯ ಕ್ರಮದಲ್ಲಿ ಟೆಲಿಟೆಕ್ಸ್ಟ್ ಅಕ್ಷರಗಳನ್ನು ಮೂಡಿಸುವುದು ಪ್ರತ್ಯೇಕವಾದೊಂದು ಚಿಪ್ಪು. ಅದು ತನ್ನ ಎಣಿಕೆಯನ್ನು ತಾನೇ ನಡೆಸುವುದರಿಂದ ‘ಎಫ್‌ಎಕ್ಸ್’ ಆಜ್ಞೆಗಳು ಅಲ್ಲಿನ ಮಿನುಗನ್ನು ಮುಟ್ಟಲಾರವು.