ಕ್ಯಾಮೆರಾ ನಡುಗದಿರಲಿ, ತೋಳೂ ಸೋಲದಿರಲಿ!

1976ರಲ್ಲಿ ತೆರೆಕಂಡ ‘ರಾಕಿ’ ಎಂಬ ಅಮೆರಿಕದ ಚಿತ್ರದಲ್ಲಿ, ನಾಯಕನು ಫಿಲಡೆಲ್ಫಿಯಾ ನಗರದ ಕಲಾಸಂಗ್ರಹಾಲಯದ ಮೆಟ್ಟಿಲುಗಳನ್ನು ಓಡುತ್ತ ಏರುವ ದೃಶ್ಯವುಂಟು. ಕ್ಯಾಮೆರಾ ಅವನನ್ನು ಹಿಂಬಾಲಿಸುತ್ತದೆ. ಆದರೂ ಚಿತ್ರ ಕುಲುಕುವುದಿಲ್ಲ. ಗ್ಯಾರೆಟ್ ಬ್ರೌನ್ ಎಂಬಾತ ನಿರ್ಮಿಸಿದ ‘ಸ್ಟೆಡಿಕ್ಯಾಮ್’ ಸಾಧನದ ಮಹಿಮೆ ಅದು.

ಅದರಲ್ಲಿ ಕ್ಯಾಮೆರಾದ ಭಾರವು ಕೈಯ ಮೇಲೆ ಬೀಳದೆ, ಸ್ಪ್ರಿಂಗುಗಳುಳ್ಳ ತೋಳಿನ ಮೂಲಕ ಮೈಗೆ ತೊಟ್ಟ ಕವಚಕ್ಕೆ ಇಳಿಯುತ್ತದೆ. ಇಂದು ಕೈಯಲ್ಲಿ ಹಿಡಿಯುವ ‘ಗಿಂಬಲ್’ ಹಾಗಲ್ಲ. ಅದರ ಮೂರು ಮೋಟಾರುಗಳು ಕ್ಯಾಮೆರಾ ವಾಲುವುದನ್ನೂ ಹೊರಳುವುದನ್ನೂ ತಡೆಯುತ್ತವೆ. ಭಾರವನ್ನು ಮಾತ್ರ ಕಿಂಚಿತ್ತೂ ಇಳಿಸವು. ಹೆಜ್ಜೆಯಿಂದ ಏಳುವ ಮೇಲುಕೆಳಗಿನ ಕುಲುಕಾಟವನ್ನೂ ಪೂರ್ತಿ ನೀಗಿಸವು.

ಆದುದರಿಂದ ಕೊಳ್ಳುವ ಮುನ್ನ ತಕ್ಕಡಿಯನ್ನು ಹಿಡಿಯಬೇಕು. ಕ್ಯಾಮೆರಾ ಒಂದನ್ನೇ ತೂಗಿದರೆ ಸಾಲದು. ಲೆನ್ಸು, ಬ್ಯಾಟರಿ, ಮೈಕು, ಮಾನಿಟರು ಎಲ್ಲವನ್ನೂ ಜೋಡಿಸಿ ತೂಗಬೇಕು. 2022ರಲ್ಲಿ ಬಂದ ‘ಡಿಜೆಐ ಆರ್‌ಎಸ್ 3 ಪ್ರೊ’ 4.5 ಕಿಲೋಗ್ರಾಂ ಹೊರಬಲ್ಲದು. ಅದರ ಸ್ವಂತ ತೂಕವೇ ಸುಮಾರು 1.5 ಕಿಲೋಗ್ರಾಂ. ಒಟ್ಟು 6 ಕಿಲೋಗ್ರಾಂ, ಅದೂ ಮುಂದಕ್ಕೆ ಚಾಚಿದ ಕೈಗಳಲ್ಲಿ! ಎಷ್ಟು ಹೊತ್ತು ಹಿಡಿದೀರಿ?

ಮೋಟಾರುಗಳನ್ನು ಚಾಲೂ ಮಾಡುವ ಮೊದಲೇ, ಕ್ಯಾಮೆರಾ ಇಟ್ಟ ನಿಲುವಿನಲ್ಲಿ ನಿಲ್ಲುವಂತೆ ಹೊಂದಿಸಬೇಕು. ಇಲ್ಲದಿದ್ದರೆ ಅವು ಸದಾ ಹೆಣಗಿ ಬಿಸಿಯಾಗುತ್ತವೆ. ಬ್ಯಾಟರಿಯೂ ಬೇಗ ಬರಿದಾಗುತ್ತದೆ. ಉದ್ದನೆಯ ಲೆನ್ಸು, ತೂಕದ ಮಿತಿಯೊಳಗಿದ್ದರೂ, ಸಮತೋಲಕ್ಕೆ ಸಿಗದಿರಬಹುದು. ಅಂಗಡಿಯಲ್ಲೇ ಕೂರಿಸಿ ನೋಡುವುದು ಲೇಸು.

ದೀರ್ಘಕಾಲದ ಚಿತ್ರೀಕರಣಕ್ಕೆ ಎರಡು ಕೈಗಳ ಹಿಡಿಕೆಯಾದರೂ ಬೇಕು. ಭಾರ ಇನ್ನೂ ಹೆಚ್ಚಾದರೆ ಕವಚದ ಏರ್ಪಾಡೇ ಗತಿ. ಯಂತ್ರದ ಶಕ್ತಿಯನ್ನು ಪೆಟ್ಟಿಗೆಯ ಮೇಲೆ ಓದಬಹುದು; ತೋಳಿನ ಶಕ್ತಿಯನ್ನು ಹಿಡಿದೇ ಅರಿಯಬೇಕು.