ಪಕ್ಕದವನ ಮಾನ ಕಾಯುವ ಮೌನ

ವಿಭೂತಿ ಬುಧವಾರದ ಶುಭಸಂದೇಶದಲ್ಲಿ ಪ್ರಭು ಯೇಸು, ಜನರಿಗೆ ಕಾಣಲೆಂದು ಪ್ರಾರ್ಥನಾಮಂದಿರಗಳಲ್ಲಿ ನಿಂತು ಪ್ರಾರ್ಥಿಸುವವರನ್ನು ಖಂಡಿಸುತ್ತಾರೆ (ಮತ್ತಾಯ 6:5). ಇದನ್ನು ಕೇಳಿದ ನಾವು, ಯೆಹೂದ್ಯರ ಪ್ರಾರ್ಥನೆಯೆಂದರೆ ಬರೀ ಆಡಂಬರ ಎಂದುಕೊಂಡುಬಿಡುತ್ತೇವೆ. ನಾವು ಹಾಗೆಂದು ಬೋಧಿಸಿದ್ದೂ ಉಂಟು. ಯೆಹೂದ್ಯರನ್ನು ದೇವರಿಂದ ತಿರಸ್ಕೃತರಾದವರಂತೆ ಚಿತ್ರಿಸಬಾರದೆಂದು ದ್ವಿತೀಯ ವ್ಯಾಟಿಕನ್ ಮಹಾಸಭೆ 1965ರಲ್ಲೇ ಹೇಳಿತ್ತು. ಪ್ರಾರ್ಥನೆಯಲ್ಲಿ ಆಡಂಬರ ಸಲ್ಲದೆಂಬುದು ಅವರ ಧರ್ಮಗುರುಗಳ ಬೋಧನೆಯೂ ಹೌದು.

ಯೆಹೂದ್ಯರ ಮುಖ್ಯ ಪ್ರಾರ್ಥನೆಯ ಹೆಸರು 'ಅಮಿದಾ', ಅಂದರೆ ನಿಲ್ಲುವುದು. ಸಾಮೂಹಿಕ ಪ್ರಾರ್ಥನೆಗೆ ಕನಿಷ್ಠ 10 ಮಂದಿ ವಯಸ್ಕರು ಸೇರಬೇಕು. ಪಾದಗಳನ್ನು ಜೋಡಿಸಿ ನಿಂತು, ತುಟಿಯಲ್ಲೇ ಜಪಿಸುತ್ತಾರೆ. ಮಾತು ತಮ್ಮ ಕಿವಿಗೆ ಬಿದ್ದರೆ ಸಾಕು, ಪಕ್ಕದವರಿಗೆ ಕೇಳಬಾರದು. ಇದಕ್ಕೆ ಮಾದರಿ ಸಮುವೇಲನ ತಾಯಿ ಹನ್ನ. ಶಿಲೋವಿನಲ್ಲಿ ಮಗುವಿಗಾಗಿ ಮೊರೆಯಿಟ್ಟಾಗ ಆಕೆಯ ತುಟಿಗಳು ಅಲುಗುತ್ತಿದ್ದವು, ದನಿ ಕೇಳಿಸಲಿಲ್ಲ (1 ಸಮುವೇಲ 1:13). ಕುಡಿದಿದ್ದಾಳೆಂದು ಯಾಜಕ ಏಲಿ ತಪ್ಪು ತಿಳಿದನು. ಯಾಜಕರಾದ ನಮಗೆ ಇದೊಂದು ಎಚ್ಚರಿಕೆ!

ದನಿ ತಗ್ಗಿಸುವುದೇಕೆ? ತಾಲ್ಮೂದ್ ಗ್ರಂಥ ಕೊಡುವ ಉತ್ತರ ನಮ್ಮ ಮನ ಮುಟ್ಟುತ್ತದೆ: ತನ್ನ ಪಾಪವನ್ನು ದೇವರಲ್ಲಿ ಹೇಳಿಕೊಳ್ಳುವವನಿಗೆ ಇತರರ ಮುಂದೆ ಅವಮಾನವಾಗದಿರಲೆಂದು. ಅದಕ್ಕೆ ಆಧಾರ ಯಾಜಕಕಾಂಡದಲ್ಲಿದೆ. ದಹನಬಲಿಯ ಪ್ರಾಣಿಯನ್ನು ವಧಿಸುವ ಸ್ಥಳದಲ್ಲೇ ಪಾಪಪರಿಹಾರದ ಬಲಿಪ್ರಾಣಿಯನ್ನೂ ವಧಿಸಬೇಕೆಂದು ದೇವರ ಆಜ್ಞೆ (6:25). ಪಾಪಿಗೆಂದು ಬೇರೆ ಜಾಗವಿಲ್ಲ. ಸ್ವಇಚ್ಛೆಯಿಂದ ಕಾಣಿಕೆ ತಂದವರು ಯಾರು, ಪಾಪ ಮಾಡಿ ಬಂದವರು ಯಾರು ಎಂಬುದು ನೋಡುವವರಿಗೆ ಗೊತ್ತಾಗದು. ಪಾಪನಿವೇದನೆಗೆ ಸಾಲಿನಲ್ಲಿರುವ ನಾವು, ಒಳಗಿನ ಮಾತು ಕಿವಿಗೆ ಬೀಳದಷ್ಟು ದೂರ ಸರಿದು ನಿಲ್ಲುವುದೂ ಇದೇ ಕಾಳಜಿಯಿಂದಲ್ಲವೇ?

ಓದು ಬಾರದವನನ್ನೂ ಅವರು ಮರೆತಿಲ್ಲ. ಮೌನಪ್ರಾರ್ಥನೆ ಮುಗಿದ ಮೇಲೆ ಮುಂದಾಳು ಅದನ್ನೇ ಗಟ್ಟಿಯಾಗಿ ಹೇಳುತ್ತಾನೆ. ಓದಲಾರದವನು ಕೇಳಿ 'ಆಮೆನ್' ಎಂದರೆ ಅದು ಅವನ ಪ್ರಾರ್ಥನೆಯೂ ಆಗುತ್ತದೆ.

2ನೇ ಶತಮಾನದ ರಬ್ಬಿ ಅಕೀವ ಒಬ್ಬರೇ ಪ್ರಾರ್ಥಿಸುವಾಗ ಬಾಗಿ ಬಾಗಿ ನಮಿಸುತ್ತಾ ಒಂದು ಮೂಲೆಯಿಂದ ಇನ್ನೊಂದು ಮೂಲೆ ಸೇರಿರುತ್ತಿದ್ದರಂತೆ. ಜನರೊಡನೆ ಇದ್ದಾಗ ಮಾತ್ರ ಚಿಕ್ಕದಾಗಿ ಮುಗಿಸುತ್ತಿದ್ದರು, ತಮ್ಮಿಂದ ಅವರಿಗೆ ಹೊರೆಯಾಗಬಾರದೆಂದು.

ಅಮಿದಾ ಹೇಳುತ್ತಿರುವವನ ಎದುರಿಗೆ ನಾಲ್ಕು ಮೊಳದೊಳಗೆ ಯಾರೂ ಹಾದುಹೋಗಬಾರದು. ಮುಗಿಸಿದವನು, ಅರಸನ ಸನ್ನಿಧಿಯಿಂದ ಹೊರಡುವಂತೆ, ಮೂರು ಹೆಜ್ಜೆ ಹಿಂದಕ್ಕಿಡುತ್ತಾನೆ. ಹಿಂದೆ ನಿಂತವನ ಪ್ರಾರ್ಥನೆ ಇನ್ನೂ ಮುಗಿದಿಲ್ಲವಾದರೆ? ಅದು ಮುಗಿಯುವವರೆಗೂ ಮುಂದಿನವನು ನಿಂತಲ್ಲೇ ಕಾಯುತ್ತಾನೆ.