ಉಳಿದ ಕೈಗಳು

ದುಃಖವು ಯಾರ ಮನೆಯ ಬಾಗಿಲನ್ನೂ ಬಿಟ್ಟುದಿಲ್ಲ. ಅದನ್ನು ಕ್ರೈಸ್ತ ಶ್ರದ್ಧೆಯು ಹೇಗೆ ಎದುರುಗೊಳ್ಳುವುದೆಂಬುದಕ್ಕೆ ವೆಲ್ಲೂರಿನ ಡಾಕ್ಟರ್ ಮೇರಿ ವರ್ಗೀಸರ ಜೀವಿತವೇ ಸಾಕ್ಷಿ. ತರುಣ ವೈದ್ಯೆಯಾಗಿದ್ದ ಅವರು 1954ರಲ್ಲಿ ಮೋಟಾರು ಅಪಘಾತಕ್ಕೆ ಸಿಲುಕಿ, ಸೊಂಟದಿಂದ ಕೆಳಗೆ ದೇಹದ ಸ್ವಾಧೀನವನ್ನು ಕಳೆದುಕೊಂಡರು. ಇನ್ನು ಬದುಕಿ ಫಲವೇನೆಂದು ಕೊರಗಿದ ದಿನಗಳು ಅವರಿಗೂ ಉಂಟು. ಆದರೆ ಕೈಗಳೆರಡೂ ಉಳಿದಿದ್ದವು. ಗಾಲಿಕುರ್ಚಿಯಲ್ಲಿ ಕುಳಿತೇ ಅವರು ಕುಷ್ಠರೋಗಿಗಳ ಮುರುಟಿದ ಕೈಗಳಿಗೆ ಶಸ್ತ್ರಚಿಕಿತ್ಸೆ ಮಾಡಿದರು. ಬಳಿಕ ಅಮೆರಿಕದಲ್ಲಿ ವ್ಯಾಸಂಗಮಾಡಿ ಹಿಂತಿರುಗಿ, ತಮ್ಮಂತೆಯೇ ನಡೆಯಲಾರದವರಿಗೆ ಸ್ವಾವಲಂಬನೆಯನ್ನು ಕಲಿಸುವ ವಿಭಾಗವನ್ನು ನಡೆಸಿದರು. 1966ರಲ್ಲಿ ಅಂಥವರಿಗಾಗಿ ವೆಲ್ಲೂರಿನಲ್ಲಿ ಪುನರ್ವಸತಿ ಸಂಸ್ಥೆಯೂ ತೆರೆಯಿತು.

ನೋವು ಏತಕ್ಕೆ ಬಂದಿತೆಂಬುದಕ್ಕೆ ಉತ್ತರವು ದೊರೆಯದೆ ಹೋಗಬಹುದು. ಉಳಿದುದನ್ನು ದೇವರಿಗೆ ಒಪ್ಪಿಸಿದವರಿಗೆ ನಾಳೆಯ ಕೆಲಸವು ದೊರೆಯುವುದು. ಭರವಸೆಯು ಅಲ್ಲಿಂದಲೇ ಚಿಗುರುವುದು.